ಸ್ಪಿರಿಟ್ ದೀಪದಿಂದ ತೋಳಿನ ಬಿಲ್ಲೆಯವರೆಗೆ

ಕೊಚ್ಚಿ ಮೆಟ್ರೋದಲ್ಲಿ ಆಗಲಿ, ತಿರುವನಂತಪುರಕ್ಕೆ ಹೋಗುವ ವಂದೇ ಭಾರತ್‌ನಲ್ಲಿ ಆಗಲಿ, ನನ್ನ ಎಡತೋಳಿನ ಹಿಂಬದಿಗೆ ಅಂಟಿಸಿಕೊಂಡ ಬಿಳಿ ಬಿಲ್ಲೆ ಕಂಡರೆ ಪಕ್ಕದಲ್ಲಿ ಕುಳಿತ ಚೇಚಿಯರು ಸುಮ್ಮನಿರುವುದಿಲ್ಲ. "ಇದೆಂದಾ ಮೋಳೇ?" ಎಂದು ಕೇಳಿಯೇ ಕೇಳುತ್ತಾರೆ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ರಕ್ತದ ಸಕ್ಕರೆ ನೋಡುವ ಸೆನ್ಸರ್ ಎಂದರೆ ಮರುಮಾತು ಸಿದ್ಧವಾಗಿರುತ್ತದೆ: "ಷುಗರಾಣೋ? ಎನಿಕ್ಕುಮುಂಡ್!" ನನಗೂ ಇದೆ, ಎನ್ನುವುದನ್ನು ಒಂದೇ ಊರಿನವರು ಸಿಕ್ಕಷ್ಟು ಸಂತೋಷದಿಂದ ಹೇಳುತ್ತಾರೆ.

ಹೇಳದೆ ಏನು ಮಾಡುತ್ತಾರೆ? ಕೊಚ್ಚಿಯ ಅಮೃತಾ ಆಸ್ಪತ್ರೆಯವರು ಎರ್ನಾಕುಳಂ ಜಿಲ್ಲೆಯ ವಯಸ್ಕರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 19.5 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ತಮಗಿದೆ ಎಂಬುದೇ ಗೊತ್ತಿರಲಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನ ಇಡೀ ದೇಶಕ್ಕೆ 11.4 ಎಂದರೆ ಕೇರಳಕ್ಕೆ 25.5 ಎನ್ನುತ್ತದೆ. ಗೋವಾ, ಪುದುಚೇರಿ ಮಾತ್ರ ನಮಗಿಂತ ಮುಂದೆ. ನಾವು ಕನ್ನಡಿಗರು ಇಲ್ಲಿಗೆ ಬಂದು ಕುಚ್ಚಲಕ್ಕಿ, ಪುಟ್ಟು, ನೇಂದ್ರ ಬಾಳೆಹಣ್ಣಿನ ಜೊತೆ ಇದನ್ನೂ ಹಂಚಿಕೊಂಡಿದ್ದೇವೆ. ತವರಿನಿಂದಲೇ ಕಟ್ಟಿಕೊಂಡು ಬಂದವರೂ ಇದ್ದಾರೆ, ನನ್ನ ಹಾಗೆ.

ನಮ್ಮ ಮಹಿಳಾ ವೇದಿಕೆಯ ಇ-ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ಈ ಬಿಲ್ಲೆಯ ವಂಶಾವಳಿ ಬರೆಯೋಣ ಅನ್ನಿಸಿತು. ನಾನು ಓದಿದ್ದು ಎಂಟೆಕ್, ಮಾಡುವುದು ಇನ್ಫೋಪಾರ್ಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ವೈದ್ಯಕೀಯ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಆದರೆ ಮೈಮೇಲೆ ಹೊತ್ತುಕೊಂಡ ಯಂತ್ರ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆಯಲ್ಲ.

ಶುರು ನಮ್ಮಲ್ಲೇ. ಮೂತ್ರಕ್ಕೆ ಇರುವೆ ಮುತ್ತುವುದನ್ನು, ಅದು ಜೇನಿನಂತೆ ಇರುವುದನ್ನು ಸುಶ್ರುತ, ಚರಕರ ಕಾಲದ ವೈದ್ಯರು ಗಮನಿಸಿ 'ಮಧುಮೇಹ' ಎಂದು ಹೆಸರಿಟ್ಟರು. ತೆಳ್ಳಗಿನ ಚಿಕ್ಕವರಿಗೆ ಬರುವುದು ಬೇರೆ, ದಪ್ಪಗಿರುವವರಿಗೆ ಬರುವುದು ಬೇರೆ ಎಂಬ ವ್ಯತ್ಯಾಸವೂ ಅವರಿಗೆ ತಿಳಿದಿತ್ತು. ಇರುವೆಯೇ ಮೊದಲ ಗ್ಲೂಕೋಮೀಟರ್ ಎಂದು ನಾನು ಆಫೀಸಿನಲ್ಲಿ ತಮಾಷೆ ಮಾಡುವುದುಂಟು. ಬಹಳ ಶತಮಾನಗಳ ನಂತರ, 1776ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿ, ಉಳಿದ ಬಿಳಿ ಗಟ್ಟಿಯನ್ನು ಬಾಯಿಗೆ ಹಾಕಿ ನೋಡಿ ಇದು ಸಕ್ಕರೆಯೇ ಎಂದು ತೋರಿಸಿದ. ರಕ್ತದ ಸೀರಂ ಕೂಡ ಸಿಹಿ ಎಂದವನು ಅವನೇ. ಹೇಗೆ ನೋಡಿದ ಎಂದು ಕೇಳಬೇಡಿ.

ನಾಲಿಗೆಗೆ ಬಿಡುವು ಕೊಟ್ಟಿದ್ದು ತಾಮ್ರ. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೇ ಶತಮಾನದ ಮೊದಲ ದಶಕದಲ್ಲಿ ಮೈಲುತುತ್ತದಿಂದ ಒಂದು ನೀಲಿ ದ್ರಾವಣ ಮಾಡಿದರು. ನಮ್ಮಲ್ಲಿ ಐವತ್ತು ದಾಟಿದ ಅನೇಕರು ಇದನ್ನು ಮನೆಯಲ್ಲೇ ಕಂಡಿರುತ್ತಾರೆ. ಮೈಸೂರಿನ ಕೃಷ್ಣಮೂರ್ತಿಪುರದಲ್ಲಿದ್ದ ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆ. ಹೈಸ್ಕೂಲಿನಲ್ಲಿದ್ದ ಅಮ್ಮನಿಗೆ ಬೆಳಗಿನ ಕೆಲಸವೆಂದರೆ ರಂಗೋಲಿ, ಆಮೇಲೆ ಈ ಪರೀಕ್ಷೆ. ಪ್ರನಾಳಕ್ಕೆ 5 ಮಿಲಿಲೀಟರ್ ನೀಲಿ ದ್ರಾವಣ, 8 ಹನಿ ಮೂತ್ರ, ಚಿಮುಟದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಆಗುತ್ತ ಹೋದಂತೆ ಹೆಚ್ಚು. ಇಟ್ಟಿಗೆಗೆಂಪು ಬಂತೆಂದರೆ ಆ ದಿನ ಅಜ್ಜಿಗೆ ಅನ್ನಕ್ಕೆ ಕತ್ತರಿ. ಅಮ್ಮ ಅದನ್ನು ಹಳೆಯ ಕ್ಯಾಲೆಂಡರಿನ ಚೌಕಗಳಲ್ಲಿ 'ಹ', 'ಕೆಂ' ಎಂದು ಬರೆದಿಡುತ್ತಿದ್ದಳಂತೆ. ನಮ್ಮ ಮನೆಯ ಮೊದಲ ಡೇಟಾಬೇಸ್ ಅದು.

ಆದರೆ ಆ ಬಣ್ಣ ಹೇಳುತ್ತಿದ್ದುದು ತುಂಬ ಕಡಿಮೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಪಿಂಡ ಅದನ್ನು ಹೊರಗೆ ಬಿಡುವುದೇ ಇಲ್ಲ. ಬಿಟ್ಟದ್ದೂ ಗಂಟೆಗಳ ಹಿಂದಿನ ಸುದ್ದಿ. ಇನ್ನು ಸಕ್ಕರೆ ಇಳಿದು ತಲೆ ತಿರುಗಿ ಬೀಳುವ ಹೊತ್ತಿಗೂ ದ್ರಾವಣ ಶಾಂತವಾಗಿ ನೀಲಿಯಾಗಿಯೇ ಇರುತ್ತದೆ. ಅಜ್ಜಿ ಎರಡು ಸಲ ಹಿತ್ತಲಲ್ಲಿ ಬಿದ್ದಾಗ 'ಬಿಸಿಲಿಗೆ' ಎಂದುಕೊಂಡರಂತೆ. ಮಾತ್ರೆ ಹೆಚ್ಚಾಗಿ ಸಕ್ಕರೆ ಇಳಿದದ್ದೂ ಇರಬಹುದು. ಈಗ ಯಾರು ಹೇಳುತ್ತಾರೆ?

ಪ್ರನಾಳ, ದೀಪಗಳನ್ನು ಅಡುಗೆಮನೆಯಿಂದ ಆಚೆ ಕಳಿಸಿದವರಲ್ಲಿ ಒಬ್ಬ ಹೆಣ್ಣುಮಗಳು ಮುಖ್ಯಳು. ಹೆಲೆನ್ ಫ್ರೀ ಎಂಬ ರಸಾಯನಶಾಸ್ತ್ರಜ್ಞೆ, ಪತಿ ಆಲ್ಫ್ರೆಡ್ ಜೊತೆ ಅಮೆರಿಕದ ಏಮ್ಸ್ ಕಂಪನಿಯಲ್ಲಿ ಕೆಲಸ ಮಾಡಿ 1956ರಲ್ಲಿ ಕ್ಲಿನಿಸ್ಟಿಕ್ಸ್ ಎಂಬ ಕಾಗದದ ಪಟ್ಟಿಯನ್ನು ತಂದರು. ಅದ್ದಿ ತೆಗೆದು ಬಣ್ಣ ನೋಡುವುದು, ಅಷ್ಟೇ. ಇಂದು ಯಾವ ಲ್ಯಾಬಿಗೆ ಹೋದರೂ ಮೂತ್ರಪರೀಕ್ಷೆಗೆ ಅದ್ದುವ ಪಟ್ಟಿ ಅದರ ಸಂತಾನವೇ. ಇನ್ಸುಲಿನ್ ಕಂಡುಹಿಡಿದವರ ಹೆಸರು ಶಾಲೆಯಲ್ಲಿ ಕಲಿಸುತ್ತಾರೆ, ಹೆಲೆನ್ ಹೆಸರು ನಾನು ಕೇಳಿದ್ದು ಈ ಕಾಯಿಲೆ ಬಂದ ಮೇಲೆ.

1965ರಲ್ಲಿ ರಕ್ತಕ್ಕೇ ಪಟ್ಟಿ ಬಂತು: ಡೆಕ್ಸ್ಟ್ರೊಸ್ಟಿಕ್ಸ್. ದೊಡ್ಡ ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಲ್ಲಿ ತೊಳೆದು ಬಣ್ಣ ಹೋಲಿಸಬೇಕು. ಆ ಬಣ್ಣವನ್ನು ಕಣ್ಣಿನ ಬದಲು ಬೆಳಕಿನಿಂದ ಓದುವ ಯಂತ್ರವನ್ನು ಅದೇ ಕಂಪನಿಯ ಆಂಟನ್ ಕ್ಲೆಮೆನ್ಸ್ ಮಾಡಿದರು. ಒಂದು ಕಿಲೋಗಿಂತ ಹೆಚ್ಚು ತೂಕ, ಮಾರುತ್ತಿದ್ದುದು ವೈದ್ಯರಿಗೆ ಮಾತ್ರ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪಾತ್ರ ಬರುತ್ತದೆ. ರಿಚರ್ಡ್ ಬರ್ನ್‌ಸ್ಟೈನ್, ವೃತ್ತಿಯಲ್ಲಿ ಎಂಜಿನಿಯರ್, ಹನ್ನೆರಡನೇ ವಯಸ್ಸಿನಿಂದ ಟೈಪ್ 1 ಮಧುಮೇಹಿ. ಯಂತ್ರದ ಜಾಹೀರಾತು ನೋಡಿದರು, ಅವರಿಗೆ ಕೊಡುವಂತಿಲ್ಲ. ಹೆಂಡತಿ ವೈದ್ಯೆ. ಆಕೆಯ ಹೆಸರಿನಲ್ಲಿ ತರಿಸಿಕೊಂಡು ದಿನಕ್ಕೆ ಹಲವು ಸಲ ತಮ್ಮ ರಕ್ತ ತಾವೇ ನೋಡಿ, ಊಟ, ಇನ್ಸುಲಿನ್ ಎರಡನ್ನೂ ಹೊಂದಿಸಿಕೊಂಡರು. ಆದದ್ದನ್ನು ಬರೆದು ಕಳಿಸಿದರೆ ಪತ್ರಿಕೆಗಳು ಪ್ರಕಟಿಸಲಿಲ್ಲ. ಕೊನೆಗೆ ನಲವತ್ತೈದರ ಸುಮಾರಿಗೆ ವೈದ್ಯಕೀಯ ಕಾಲೇಜು ಸೇರಿ ಡಾಕ್ಟರೇ ಆದರು! ರೋಗಿ ತನ್ನ ಸಂಖ್ಯೆಯನ್ನು ತಾನೇ ನೋಡಬಹುದೇ ಎಂಬುದು ಆಗ ನಿಜವಾಗಿಯೂ ವಿವಾದದ ವಿಷಯವಾಗಿತ್ತು.

ಅದನ್ನು ಮುಗಿಸಿದ್ದು 1993ರ ಒಂದು ದೊಡ್ಡ ಪ್ರಯೋಗ. ಅಮೆರಿಕ ಮತ್ತು ಕೆನಡಾದ 1441 ಟೈಪ್ 1 ರೋಗಿಗಳನ್ನು ಹತ್ತು ವರ್ಷದಲ್ಲಿ ಹಿಂಬಾಲಿಸಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಶುರುವಾಗುವ ಸಂಭವ 76 ಶೇಕಡ ಕಡಿಮೆ ಎಂದು ತೋರಿಸಿತು. ಆದರೆ ಬಿಗಿ ಹಿಡಿದವರಲ್ಲಿ ಸಕ್ಕರೆ ಅಪಾಯಕ್ಕೆ ಇಳಿಯುವುದೂ ಸುಮಾರು ಮೂರು ಪಟ್ಟು. ಬಿಗಿ ಹಿಡಿಯಬೇಕು, ಆದರೆ ಜಾರಬಾರದು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿದರೆ ನಾಲ್ಕು ಚುಕ್ಕಿ ಸಿಗುತ್ತದೆ, ನಡುವಿನ ದಾರಿ ಕಾಣುವುದಿಲ್ಲ. ರಾತ್ರಿಯಂತೂ ಪೂರಾ ಕತ್ತಲು.

ಆ ದಾರಿಯನ್ನು ಕಾಣಿಸುವ ತಂತ್ರ ಅಷ್ಟರಲ್ಲಾಗಲೇ ಮೂವತ್ತು ವರ್ಷ ಹಳೆಯದು. 1962ರಲ್ಲಿ ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್, ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿದ್ಯುದ್ವಾರದ ಮೇಲೆ ಕೂರಿಸಿದರೆ ಸಕ್ಕರೆಯನ್ನು ವಿದ್ಯುತ್ತಾಗಿ ಅಳೆಯಬಹುದು ಎಂದು ತೋರಿಸಿದ್ದರು. ಈ ಕಿಣ್ವವನ್ನು ತೆಗೆಯುವುದು ಒಂದು ಬಗೆಯ ಬೂಸ್ಟಿನಿಂದ. ಜೇನುನೊಣವೂ ಇದೇ ಕಿಣ್ವವನ್ನು ಜೇನಿಗೆ ಬೆರೆಸುತ್ತದೆ, ಜೇನು ಕೆಡದಿರಲು ಅದೂ ಒಂದು ಕಾರಣ. ಮಧುಮೇಹವನ್ನು ಅಳೆಯುವ ಕಿಣ್ವ ಮಧುವಿನಲ್ಲೇ ಇದೆ ಎಂದು ತಿಳಿದ ದಿನ ನಾನು ಒಬ್ಬಳೇ ನಕ್ಕಿದ್ದೆ.

ನನ್ನ ತೋಳಿನಲ್ಲಿ ನಡೆಯುವುದೂ ಇದೇ. ಬಿಲ್ಲೆಯ ಕೆಳಗೆ ಕೂದಲಿನಷ್ಟು ತೆಳ್ಳನೆಯ, ಸುಮಾರು ಅರ್ಧ ಸೆಂಟಿಮೀಟರ್ ಉದ್ದದ ಎಳೆಯೊಂದು ಚರ್ಮದ ಕೆಳಗಿನ ದ್ರವದಲ್ಲಿ ಅದ್ದಿಕೊಂಡಿರುತ್ತದೆ. ಅದು ರಕ್ತನಾಳದೊಳಗೆ ಇರುವುದಿಲ್ಲ, ಜೀವಕೋಶಗಳ ನಡುವಿನ ತೇವದಲ್ಲಿ ಇರುತ್ತದೆ. ಅಲ್ಲಿನ ಗ್ಲೂಕೋಸ್ ಕಿಣ್ವಕ್ಕೆ ತಾಗಿ ಎಲೆಕ್ಟ್ರಾನ್ ಬಿಡುತ್ತದೆ, ಅತಿ ಸಣ್ಣ ವಿದ್ಯುತ್ತು ಹರಿಯುತ್ತದೆ, ಬಿಲ್ಲೆ ಅದನ್ನು ಅಂಕಿಯಾಗಿಸಿ ಫೋನಿಗೆ ಕಳಿಸುತ್ತದೆ. ರಕ್ತದಲ್ಲಿ ಆದ ಬದಲಾವಣೆ ಆ ತೇವಕ್ಕೆ ತಲುಪಲು ಐದು-ಹತ್ತು ನಿಮಿಷ ಬೇಕು. ಹಾಗಾಗಿ ಮೆಟ್ಟಿಲು ಹತ್ತಿ ಬೆವರು ಬಂದಾಗ ಫೋನು "ಎಲ್ಲ ಸರಿ" ಎಂದರೂ ನಾನು ನಂಬುವುದಿಲ್ಲ, ಬೆರಳು ಚುಚ್ಚಿ ನೋಡುತ್ತೇನೆ.

ಮೊದಲು ಬಂದವು ಇಷ್ಟು ಸಲೀಸಾಗಿರಲಿಲ್ಲ. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿನಿಮೆಡ್ ಸೆನ್ಸರ್ ಮೂರು ದಿನ ಮಾತ್ರ ಬಾಳುತ್ತಿತ್ತು, ರೋಗಿಗೆ ಅಂಕಿ ಕಾಣುತ್ತಿರಲಿಲ್ಲ, ಆಮೇಲೆ ಡಾಕ್ಟರ್ ಇಳಿಸಿಕೊಂಡು ನೋಡಬೇಕಿತ್ತು. 2001ರ ಗ್ಲೂಕೋವಾಚ್ ಕೈಗಡಿಯಾರದಂತೆ ಇದ್ದು, ಚರ್ಮದ ಮೂಲಕ ವಿದ್ಯುತ್ ಹಾಯಿಸಿ ದ್ರವ ಎಳೆಯುತ್ತಿತ್ತು. ಜನರಿಗೆ ಉರಿ, ಕೆಂಪು ಗುಳ್ಳೆ ಬಂದು ಅದು ಅಂಗಡಿ ಮುಚ್ಚಿತು. ಪ್ರತಿದಿನ ಬೆರಳು ಚುಚ್ಚಿ ಹೊಂದಿಸುವ ಕಾಟವಿಲ್ಲದೆ ಹದಿನಾಲ್ಕು ದಿನ ನಡೆಯುವ ಫ್ರೀಸ್ಟೈಲ್ ಲಿಬ್ರೆ ಯುರೋಪಿಗೆ ಬಂದದ್ದು 2014ರಲ್ಲಿ. ಅದರ ಹಿಂದಿನ ರಸಾಯನಶಾಸ್ತ್ರ ಆಡಂ ಹೆಲ್ಲರ್ ಅವರದು, ಹಿಟ್ಲರನ ಕಾಲದ ಯಹೂದಿ ಹತ್ಯಾಕಾಂಡದಿಂದ ಬದುಕಿ ಉಳಿದ ಹುಡುಗ ಬೆಳೆದು ವಿಜ್ಞಾನಿಯಾದವರು. ಮರುವರ್ಷವೇ ಅದರ ವೈದ್ಯರ ಆವೃತ್ತಿ ಭಾರತಕ್ಕೆ ಬಂತು.

ತಿರುವನಂತಪುರ ಇದಕ್ಕೆ ಸಿದ್ಧವಾಗಿಯೇ ಇತ್ತು ಎನ್ನಬೇಕು. ಅಲ್ಲಿನ ಡಾ. ಜ್ಯೋತಿದೇವ್ ಕೇಶವದೇವ್ 1990ರ ದಶಕದ ಕೊನೆಯಿಂದಲೇ ರೋಗಿಗಳು ಮನೆಯಲ್ಲಿ ನೋಡಿದ ಸಕ್ಕರೆಯ ಅಂಕಿಗಳನ್ನು ಫೋನಿನಲ್ಲಿ ತಿಳಿಸಿ ಔಷಧಿಯ ಪ್ರಮಾಣ ಹೊಂದಿಸಿಕೊಳ್ಳುವ ದೂರ-ಚಿಕಿತ್ಸೆಯ ಏರ್ಪಾಡು ನಡೆಸುತ್ತ ಬಂದವರು. ಆಗ ಸ್ಮಾರ್ಟ್‌ಫೋನ್ ಇರಲಿಲ್ಲ, ಟೆಕ್ನೋಪಾರ್ಕ್ ಶುರುವಾಗಿ ಹತ್ತು ವರ್ಷವೂ ಆಗಿರಲಿಲ್ಲ. ಗಲ್ಫಿಗೆ ಮಕ್ಕಳನ್ನು ಕಳಿಸಿ ಫೋನಿನಲ್ಲೇ ಸಂಸಾರ ನಡೆಸುವ ನಾಡಿನಲ್ಲಿ ಫೋನಿನಲ್ಲೇ ಚಿಕಿತ್ಸೆ ಎಂಬುದು ಜನಕ್ಕೆ ವಿಚಿತ್ರವಾಗಿ ಕಂಡಿರಲಿಕ್ಕಿಲ್ಲ ಎಂದು ನನ್ನ ಊಹೆ.

ಸರಕಾರದ ಕಡೆಯಿಂದ ಆದದ್ದನ್ನೂ ಹೇಳಬೇಕು. 2018ರಲ್ಲಿ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ಟೈಪ್ 1 ಮಕ್ಕಳಿಗಾಗಿ ಒಂದು ಯೋಜನೆ ತಂದಿತು: ಇನ್ಸುಲಿನ್ ಪೆನ್, ಕೆಲವರಿಗೆ ಪಂಪ್, ನಿರಂತರ ಸೆನ್ಸರ್, ಆಪ್ತಸಲಹೆ, ಎಲ್ಲ ಉಚಿತ. ಹೆಸರು 'ಮಿಠಾಯಿ'. ಹಿರಿಯರಿಗೆ ಗ್ಲೂಕೋಮೀಟರ್ ಹಂಚುವ ಯೋಜನೆ 'ವಯೋಮಧುರಂ'. ಸಕ್ಕರೆ ಕಾಯಿಲೆಗೆ ಇಷ್ಟು ಸಿಹಿ ಹೆಸರಿಡುವ ಧೈರ್ಯ ಇನ್ನು ಯಾರಿಗಿದೆ? ದಿನಕ್ಕೆ ನಾಲ್ಕೈದು ಚುಚ್ಚುಮದ್ದು ತೆಗೆದುಕೊಳ್ಳುವ ಏಳು ವರ್ಷದ ಮಗುವಿಗೆ ಮಧ್ಯರಾತ್ರಿ ಸಕ್ಕರೆ ಇಳಿದರೆ ಎಬ್ಬಿಸುವ ಅಲಾರಂ ಜೀವ ಉಳಿಸುವ ವಸ್ತು. ಈ ಬಿಲ್ಲೆ ಮೊದಲು ಸೇರಬೇಕಾದದ್ದು ಅಂಥವರ ತೋಳಿಗೆ. ಏನೂ ಕಾಯಿಲೆ ಇಲ್ಲದ ನನ್ನ ಸಹೋದ್ಯೋಗಿಯೊಬ್ಬರು ಫಿಟ್‌ನೆಸ್ಸಿಗೆಂದು ಇದನ್ನು ಹಾಕಿಕೊಂಡು, ಇಡ್ಲಿ ತಿಂದು 135 ಆಯಿತೆಂದು ಗಾಬರಿಯಾಗಿ ಇಡ್ಲಿ ಬಿಟ್ಟಿದ್ದಾರೆ. ಅದು ಆರೋಗ್ಯವಂತರಲ್ಲೂ ಆಗುವ ಏರಿಳಿತ ಎಂದರೆ ಕೇಳುವುದಿಲ್ಲ.

ಇನ್ನು ನಾನು. ನನ್ನ ಕಥೆಯ ಬೇರು ಮತ್ತೆ ಮೈಸೂರಿಗೇ ಹೋಗುತ್ತದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, ತನ್ನಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು 1934ರಿಂದ ದಾಖಲೆ ಪುಸ್ತಕಗಳಲ್ಲಿ ಜೋಪಾನ ಮಾಡಿಟ್ಟಿತ್ತು. ಅದನ್ನು ಆಧರಿಸಿ ಅಲ್ಲಿ ಮಧುಮೇಹದ ಸಂಶೋಧನೆ ಶುರುವಾಯಿತು. 1997-98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಕಂಡಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಐದು ವರ್ಷದ ನಂತರ ಅದೇ ತಾಯಂದಿರನ್ನು ಮತ್ತೆ ಕರೆದು ನೋಡಿದರು. ಬಸಿರಿನಲ್ಲಿ ಸಕ್ಕರೆ ಇಲ್ಲದವರಲ್ಲಿ ನೂರಕ್ಕೆ 2 ಮಂದಿಗೆ ಮಧುಮೇಹ ಬಂದಿತ್ತು. ಸಕ್ಕರೆ ಇದ್ದವರಲ್ಲಿ 37 ಮಂದಿಗೆ.

2 ಮತ್ತು 37. ಈ ಎರಡು ಅಂಕಿಗಳು 2007ರಲ್ಲೇ ಅಚ್ಚಾಗಿದ್ದವು. ನಾನು ಬಸುರಿಯಾಗಿದ್ದಾಗ ಏಳನೇ ತಿಂಗಳಲ್ಲಿ ಸಕ್ಕರೆ ಏರಿತು, ಇನ್ಸುಲಿನ್ ಕೊಟ್ಟರು, ಮಗಳು ಹುಟ್ಟಿದ ಮರುದಿನ ನಿಲ್ಲಿಸಿದರು. "ಹೆರಿಗೆಯಾಯಿತಲ್ಲ, ಇನ್ನು ಸಕ್ಕರೆ ಹೋಯಿತು" ಎಂದು ನರ್ಸಮ್ಮನೂ ಹೇಳಿದರು, ಬಂದ ನೆಂಟರೂ ಹೇಳಿದರು. ಬಾಣಂತನಕ್ಕೆ ಅತ್ತೆ ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಟ್ಟರು. ಹೆರಿಗೆಯಾಗಿ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿದು ಮತ್ತೆ ಪರೀಕ್ಷಿಸಬೇಕು ಎಂದು ನಮ್ಮ ದೇಶದ ಮಾರ್ಗಸೂಚಿಯೇ ಹೇಳುತ್ತದೆ. ಆಸ್ಪತ್ರೆಯಿಂದ ನನಗೆ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ಮಗುವಿನ ಲಸಿಕೆಗಳ ಪಟ್ಟಿ ಇತ್ತು, ಹೊಲಿಗೆ ಬಿಚ್ಚುವ ದಿನ ಇತ್ತು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೂರು ವರ್ಷದ ಮೇಲೆ ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಮೂರು ತಿಂಗಳ ಸರಾಸರಿ 7.4 ಬಂತು. ನನಗಾಗ ಮೂವತ್ನಾಲ್ಕು.

ಈ ಕೇರಳದಲ್ಲಿ ಆಶಾ ಕಾರ್ಯಕರ್ತೆಯರು 2022ರಿಂದ 'ಶೈಲಿ' ಎಂಬ ಆ್ಯಪ್ ಹಿಡಿದು ಮನೆಮನೆಗೆ ಹೋಗಿ ಮೂವತ್ತು ದಾಟಿದವರನ್ನೆಲ್ಲ ವಿಚಾರಿಸುತ್ತಾರೆ. ನಮ್ಮಂಥವರು ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ಫ್ಲಾಟಿನ ಸೆಕ್ಯುರಿಟಿ ಗೇಟಿನಲ್ಲೇ ಅವರನ್ನು ನಿಲ್ಲಿಸುತ್ತಾನೆ. ದುಡಿಯುವ, ಓದಿದ ಹೆಂಗಸರು ಹೀಗೆ ಎರಡು ಕಡೆಯಿಂದಲೂ ತಪ್ಪಿಹೋಗುತ್ತೇವೆ.

ನಾನು ಮಾತ್ರೆಯಲ್ಲಿರುವವಳು, ವರ್ಷವಿಡೀ ಸೆನ್ಸರ್ ಬೇಕಿಲ್ಲ. ಎರಡು ವಾರಕ್ಕೆ ಸಾವಿರಾರು ರೂಪಾಯಿ, ವಿಮೆಯವರು ಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಹದಿನಾಲ್ಕು ದಿನ ಹಾಕಿಕೊಳ್ಳುತ್ತೇನೆ. ಅಷ್ಟರಲ್ಲಿ ಕಲಿತದ್ದು ಕಡಿಮೆಯೇನಲ್ಲ. ರಾಗಿ ಎಂದರೆ ಸಕ್ಕರೆಗೆ ರಾಮಬಾಣ ಎಂದು ನಂಬಿಕೊಂಡ ಮನೆ ನಮ್ಮದು. ನನ್ನ ತೋಳಿನ ಗೆರೆ ಹೇಳುವುದೇ ಬೇರೆ: ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ ಕುಡಿದರೆ ನಲವತ್ತು ನಿಮಿಷದಲ್ಲಿ ಗುಡ್ಡ ಏಳುತ್ತದೆ, ಸೊಪ್ಪಿನ ಸಾರಿನ ಜೊತೆ ಅರ್ಧ ಮುದ್ದೆ ಉಂಡರೆ ದಿಬ್ಬ ಮಾತ್ರ. ಪುಟ್ಟಿಗೆ ಬಾಳೆಹಣ್ಣು ಹಿಸುಕಿದರೆ 210, ಅದೇ ಪುಟ್ಟಿಗೆ ಕಡಲೆಕರಿ ಹಾಕಿಕೊಂಡರೆ 160. ಊಟವಾದ ಮೇಲೆ ಇನ್ಫೋಪಾರ್ಕಿನ ಒಳರಸ್ತೆಯಲ್ಲಿ ಹದಿನೈದು ನಿಮಿಷ ನಡೆದರೆ ಗೆರೆ ಬಾಗುವುದು ಕಣ್ಣಿಗೇ ಕಾಣುತ್ತದೆ. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ಓಣಂ ಸದ್ಯದ ದಿನ ಮೂರು ಪಾಯಸ. ಆ ದಿನದ ಗೆರೆಯನ್ನು ನಾನು ನೋಡಲಿಲ್ಲ, ನೋಡುವುದೂ ಇಲ್ಲ.

ಈಗ ವೈದ್ಯರು ಸರಾಸರಿಗಿಂತ 'ಮಿತಿಯೊಳಗಿನ ಸಮಯ'ವನ್ನು ಕೇಳುತ್ತಾರೆ. 2019ರ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ ದಿನದ ನೂರಕ್ಕೆ 70ಕ್ಕಿಂತ ಹೆಚ್ಚು ಹೊತ್ತು 70ರಿಂದ 180ರ ನಡುವೆ ಇರಬೇಕು, 70ಕ್ಕಿಂತ ಕೆಳಗೆ ನೂರಕ್ಕೆ 4ಕ್ಕಿಂತ ಕಡಿಮೆ. ಸರ್ವರ್‌ಗಳ ಅಪ್‌ಟೈಮ್ ನೋಡುವವಳಿಗೆ ಇದು ಮನಸ್ಸಿಗೆ ಹತ್ತಿರದ ಭಾಷೆ.

ತೊಂದರೆಗಳೂ ಇವೆ. ಕೊಚ್ಚಿಯ ಸೆಕೆಗೆ ಅಂಟು ಬಿಡುತ್ತದೆ. ರವಿಕೆಯ ಬಿಗಿ ತೋಳು ಬಿಲ್ಲೆಯನ್ನು ಕೀಳುತ್ತದೆಂದು ಟೈಲರಿಗೆ ಹೇಳಿ ಎಡತೋಳು ಮಾತ್ರ ಒಂದಿಂಚು ಸಡಿಲ ಮಾಡಿಸಿದ್ದೇನೆ. ಇದನ್ನು ರೂಪಿಸಿದವರು ಸೀರೆ ಉಡುವವರನ್ನು ನೆನೆದಿರಲಾರರು. ಎಡಮಗ್ಗುಲಿಗೆ ಮಲಗಿದರೆ ಒತ್ತಿದ ಜಾಗಕ್ಕೆ ದ್ರವ ಹರಿಯದೆ ರಾತ್ರಿ ಮೂರಕ್ಕೆ "ಸಕ್ಕರೆ 58" ಎಂದು ಸುಳ್ಳು ಅಲಾರಂ ಹೊಡೆಯುತ್ತದೆ. ಮಗಳು ಎದ್ದು ಕೂರುತ್ತಾಳೆ, ಗಂಡ ಗ್ಲೂಕೋಸ್ ಡಬ್ಬಿ ಹುಡುಕುತ್ತಾರೆ, ಬೆರಳು ಚುಚ್ಚಿದರೆ 104.

ನಮ್ಮ ವೃತ್ತಿಯವರು ಹೆಮ್ಮೆಪಡುವ ಒಂದು ತುಣುಕೂ ಈ ಚರಿತ್ರೆಯಲ್ಲಿದೆ. 2013ರಲ್ಲಿ ಅಮೆರಿಕದ ಜಾನ್ ಕೋಸ್ಟಿಕ್ ಎಂಬ ಎಂಜಿನಿಯರ್, ಶಾಲೆಗೆ ಹೋದ ಪುಟ್ಟ ಮಗನ ಸಕ್ಕರೆ ತನಗೆ ಕಾಣುತ್ತಿಲ್ಲವೆಂದು ಸೆನ್ಸರಿನ ರಿಸೀವರ್‌ನಿಂದ ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಯಿಸುವ ಕೋಡ್ ಬರೆದರು. ಅದನ್ನು ಇತರ ಮಕ್ಕಳ ಅಪ್ಪ-ಅಮ್ಮಂದಿರು ಸೇರಿ ಬೆಳೆಸಿ ನೈಟ್‌ಸ್ಕೌಟ್ ಎಂದು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಆಮೇಲೆ ಕಂಪನಿಗಳೇ ತಮ್ಮ ಆ್ಯಪ್‌ಗಳಲ್ಲಿ ಮನೆಯವರಿಗೂ ನೋಡುವ ಅವಕಾಶ ಕೊಟ್ಟವು.

ಕಳೆದ ಸಲ ಸೆನ್ಸರ್ ಹಾಕಿದಾಗ ಮೈಸೂರಿನಲ್ಲಿರುವ ಅಮ್ಮನ ಫೋನಿಗೂ ಅದನ್ನು ಜೋಡಿಸಿದೆ. ಪ್ರನಾಳ ಹಿಡಿದ ಅನುಭವಸ್ಥೆ, ಗ್ರಾಫ್ ಓದಲು ಎರಡೇ ದಿನ ಸಾಕಾಯಿತು. ಮೂರನೇ ದಿನ ತಿರುವನಂತಪುರದಿಂದ ರಾತ್ರಿ ರೈಲಿನಲ್ಲಿ ಬರುತ್ತಿದ್ದೆ. ಕೊಲ್ಲಂ ದಾಟುವಷ್ಟರಲ್ಲಿ ಫೋನು ಬಂತು.

"ಏನೇ, ಏಳೂವರೆಗೆ ಏನು ತಿಂದೆ?"

"ಏನಿಲ್ಲಮ್ಮ, ಸ್ಟೇಷನ್ನಿನಲ್ಲಿ ಒಂದು ಪಳಂಪೊರಿ."

"ಒಂದಕ್ಕೆ ಇಷ್ಟು ಏರಲ್ಲ."

"ಎರಡು."

"ಹ್ಞೂಂ. ಇಳಿದ ಮೇಲೆ ಆಟೋ ಹತ್ತಬೇಡ, ಮನೆವರೆಗೂ ನಡಿ. ನೋಡ್ತಾ ಇರ್ತೀನಿ."